ಕೆಂಪಾಗಿ ಕಾಣದ ಕೆಂಪು ಪಾಚಿ

ಬಾಗಲಕೋಟೆಯಿಂದ ಬಾದಾಮಿಗೆ ಹೊರಟ ಬೆಳಗಿನ ರೈಲಿನಲ್ಲಿ ನನ್ನ ಸಾಮಾನು ಇಷ್ಟೇ: ಒಂದು ಕಂಬಳಿ, ಬುತ್ತಿಯ ಗಂಟು, ಭೂತಗನ್ನಡಿ, ಅಗಲ ಬಾಯಿಯ ಎರಡು ಬಾಟಲಿ. ಒಂದು ಒಡೆದರೆ ಇನ್ನೊಂದು ಇರಲಿ ಎಂದು ಎರಡು. ಎರಡೂ ಒಡೆದರೆ ಎಂಬ ಚಿಂತೆ ರೈಲು ಕದಲುವ ಮೊದಲೇ ಹತ್ತಿತು.

ಶಾಲೆಯ ಮಕ್ಕಳಿಗಾಗಿ ನಾನು ನಾಲ್ಕು ತಿಂಗಳು ಕೂತು ಸಸ್ಯಪಾಠಗಳನ್ನು ಬರೆದಿದ್ದೆ. ಕೆಂಪು ಪಾಚಿ ಕಡಲಿನಲ್ಲಷ್ಟೇ ಅಲ್ಲ, ನಮ್ಮ ಸಿಹಿನೀರಿನ ಝರಿಗಳಲ್ಲೂ ಉಂಟು ಎಂಬುದು ಅದರಲ್ಲೊಂದು ಪಾಠ. ಓದಿ ಬರೆದದ್ದು, ಕಂಡು ಬರೆದದ್ದಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ನೋಡಬೇಕಾದ ಶಿಕ್ಷಣ ಇಲಾಖೆಯ ಡೆಪ್ಯುಟಿ ಸಾಹೇಬರು ಸರಿಯಾಗಿ ಅಲ್ಲಿಗೇ ಬೆರಳಿಟ್ಟರು. "ಶುಕ್ರವಾರ ಇಳಕಲ್ಲನ್ಯಾಗ ಇರ್ತೇನಿ, ಮಾಸ್ತರ. ತಂದು ತೋರಸ್ರಿ. ಇಲ್ಲಂದ್ರ ಆ ಪಾಠ ಹೊಡದು ಹಾಕ್ತೇನಿ."

ಬಾದಾಮಿ ನಿಲ್ದಾಣದಿಂದ ಊರಿಗೆ ಟಾಂಗಾದಲ್ಲಿ ಹೋದೆ. ಬಂಡೆಗಳೆಲ್ಲ ಕೆಂಪಗಿರುವ ಊರಿನಲ್ಲಿ ಕೆಂಪನ್ನೇ ಹುಡುಕುವ ಕೆಲಸ ನನ್ನಂಥವನಿಗಲ್ಲದೆ ಯಾರಿಗೆ ಒದಗೀತು? ಗುಡ್ಡದ ನೆರಳಿನಲ್ಲಿ ಇಳಿಯುವ ಸಣ್ಣ ಝರಿಯಲ್ಲಿ ಮಧ್ಯಾಹ್ನದವರೆಗೆ ಕೈಯಾಡಿಸಿದೆ. ನೀರು ಕೊರೆಯುತ್ತಿತ್ತು. ಎರಡು ಸಲ ಜಾರಿ ಕೂತೆ. ಕೆಳಗೆ ಬಟ್ಟೆ ಒಗೆಯುತ್ತಿದ್ದ ನೀಲವ್ವ ಎಂಬ ಹೆಂಗಸು ಕೊನೆಗೆ ತಡೆಯಲಾರದೆ ಕೇಳಿದಳು:

"ಏನ ಕಳಕೊಂಡೀರಿ, ಯಪ್ಪಾ?"

"ಕೆಂಪು ಹಾವಸಿ ಹುಡಕಾಕತ್ತೇನವ್ವ," ಎಂದೆ. ಪಾಚಿಗೆ ನಮ್ಮ ಕಡೆ ಹಾವಸಿ ಎನ್ನುತ್ತಾರೆ.

"ಹಾವಸಿ ಎಲ್ಲ್ಯಾರ ಕೆಂಪಗ ಇರತೈತೇನ್ರಿ? ಇಲ್ಲಿರೂದು ಕಪ್ಪಿ ತತ್ತಿ ಸರದಂಥಾ ಲೋಳಿ. ನೀವು ಈಗ ಎರಡ ಸಲ ಕುಂತ್ರೆಲ್ಲಾ, ಅದರ ಮ್ಯಾಲ. ನನ್ನ ಸೊಂಟಾ ಉಳಕಿದ್ದೂ ಅದರಿಂದನ. ಬೂದಿ ಹಾಕಿ ತಿಕ್ಕತೇನಿ, ಮುಂದಿನ ಚಳಿಗಾಲಕ್ಕ ಮತ್ತ ಹಾಜರ!"

ಕಪ್ಪೆಯ ತತ್ತಿ! ನಾನು ಓದಿದ ಪುಸ್ತಕದಲ್ಲೂ ಆ ಹೋಲಿಕೆಯೇ ಇತ್ತು. ಕೆಂಪು ಎಂಬ ಹೆಸರಿನ ಗುಂಗಿನಲ್ಲಿ ಅದನ್ನು ಮರೆತಿದ್ದೆ. ಕೂತ ಜಾಗದಿಂದಲೇ ಒಂದು ಎಳೆ ಬಿಡಿಸಿದೆ. ಕಂದು ಬೆರೆತ ಹಸಿರು, ಕೈಯಿಂದ ನುಣುಚುವ ಮಣಿಸರ. ಕೆಂಪಿನ ಸುಳಿವೇ ಇಲ್ಲ. ಸಾಹೇಬರು ಒಪ್ಪಿಯಾರೇ? ಒಂದು ಬಾಟಲಿ ತುಂಬಿಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡು ಇಳಕಲ್ಲಿನ ಹಾದಿಯಲ್ಲಿರುವ ಹುನಗುಂದಕ್ಕೆ ಹೊರಟ ಎತ್ತಿನ ಚಕ್ಕಡಿ ಹತ್ತಿದೆ.

ಎರಡನೆಯ ದಿನ ಸಂಜೆ ಹುನಗುಂದ ತಲುಪಿದೆ. ಅಲ್ಲಿಯ ದವಾಖಾನೆಯ ಡಾಕ್ಟರು ನನ್ನ ಹಳೆಯ ಸಹಪಾಠಿ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣಿಸಿದ. ಮರುದಿನ ಬೆಳಗಿನ ಬಿಸಿಲಿಗೆ ತನ್ನ ಸೂಕ್ಷ್ಮದರ್ಶಕ ಹಿಡಿದ. ನಡುವೆ ಒಂದು ಎಳೆ, ಅದರ ಸುತ್ತ ಅಷ್ಟಷ್ಟು ದೂರಕ್ಕೆ ಕುಚ್ಚಿನಂಥ ಕವಲುಗಳು, ಎಲ್ಲಕ್ಕೂ ಲೋಳೆಯ ಹೊದಿಕೆ. ಮಣಿಯಂತೆ ಕಂಡದ್ದು ಈ ಕುಚ್ಚುಗಳು. ಕೆಲವು ಮಣಿಗಳೊಳಗೆ ಕಪ್ಪು ಉಂಡೆ. ಅವು ಬೀಜಕಣಗಳ ಗೊಂಚಲು. ಇದರ ಗಂಡುಕಣಗಳಿಗೆ ಈಜಲು ಬರುವುದಿಲ್ಲ. ಹರಿವ ನೀರು ಒಯ್ದು ಹೆಣ್ಣಿಗೆ ತಾಗಿಸಿದರೆ ಮಾತ್ರ ಆ ಗೊಂಚಲು.

"ನಿನ್ನಂಗ ಐತಿ," ಎಂದ ಡಾಕ್ಟರ. "ಯಾರಾರ ದೂಡಬೇಕು." ಅವನಿಗೆ ಹಾಗೆನ್ನುವ ಹಕ್ಕಿತ್ತು; ನನ್ನ ಮದುವೆ ಕುದುರಿಸಿದವನು ಅವನೇ.

ಇಳಕಲ್ಲಿಗೆ ಎಂಟು ಮೈಲಿ ಬಿಸಿಲು. ಅಲ್ಲಿ ನೂಲಿಗೆ ಬಣ್ಣ ಹಾಕುವ ಪರಿಚಯದ ಬಣ್ಣಗಾರ ಹುಸೇನಸಾಬರ ಪಡಸಾಲೆಯಲ್ಲಿ ಬಾಟಲಿ ಇಳಿಸಿ ನೋಡಿದೆ. ಪಾಚಿ ಸತ್ತು ಮುದ್ದೆಯಾಗಿತ್ತು. ನೀರು ಗುಲಾಬಿಯಾಗಿತ್ತು. ಕೆಂಪು ಒಳಗೇ ಇತ್ತು. ಸತ್ತ ಮೇಲೆ ಹೊರಬಂದಿತ್ತು. ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ.

ನಾನು ಹೇಳಿ ಕಳಿಸಿದ ಮೇಲೆ ಸಾಹೇಬರು ಅಲ್ಲಿಗೇ ಬಂದು ಬಾಟಲಿ ನೋಡಿದರು, ಅಂಗಳದಲ್ಲಿ ಕುದಿಯುತ್ತಿದ್ದ ಬಣ್ಣದ ಹಂಡೆ ನೋಡಿದರು, ನನ್ನನ್ನು ನೋಡಿದರು. "ಬಣ್ಣಗಾರರ ಮನ್ಯಾಗ ಬಾಟ್ಲಿ ಇಟ್ಟು, ಕೆಂಪ ಬಂತಂತ ನನಗ ಹೇಳ್ತೀರೇನು, ಮಾಸ್ತರ?"

ಊರೆಲ್ಲ ಬಿಟ್ಟು ಇಲ್ಲೇ ಇಳಿದುಕೊಂಡ ನನ್ನ ಬುದ್ಧಿಯನ್ನು ಶಪಿಸಿಕೊಂಡೆ. ಉತ್ತರ ಹುಸೇನಸಾಬರು ಕೊಟ್ಟರು. "ಸಾಹೇಬ್ರ, ಇದು ನಮ್ಮ ಬಣ್ಣ ಅಲ್ಲ. ಪಟಿಕದ ನೀರು ಕುಡದ ನೂಲು ನಮ್ಮ ಕೆಂಪ ಬಿಡಂಗಿಲ್ಲ. ನೋಡ್ರಿ." ಅಂಥ ಬಿಳಿ ನೂಲಿನ ಎರಡು ಎಳೆ ತಂದರು. ಒಂದು ಹಂಡೆಗೆ, ಒಂದು ನನ್ನ ಬಾಟಲಿಗೆ. ಸಾಕಷ್ಟು ಹೊತ್ತು ಬಿಟ್ಟು, ಎರಡನ್ನೂ ಮೂರು ನೀರಿನಲ್ಲಿ ಜಾಲಿಸಿದರು. ಹಂಡೆಯದು ಕೆಂಪಗೇ ಉಳಿಯಿತು. ನನ್ನದು ಬೆಳ್ಳಗೆ ಬಂತು.

ಸಾಹೇಬರು ಬಿಳಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. "ಪಾಠ ಇರ್ಲಿ," ಎಂದರು. "ಆದ್ರ ಹುಡುಗ್ರು ನಿಮ್ಮಂಗ ಕೆಂಪ ಹುಡಕಿ ಸಾಯದಂಗ ಬರೀರಿ. ಬರೂ ಚಳಿಗಾಲದಾಗ ಜೀವಂತ ಇರೂದನ್ನ ನನಗ ತೋರಸ್ರಿ."

ನೇರ ದಾರಿ ಇದ್ದರೂ ಬಾದಾಮಿ ಹಾದೇ ಮರಳಿದೆ. ನೀಲವ್ವ ಆಗಲೇ ಕಲ್ಲುಗಳನ್ನು ತಿಕ್ಕಿ ಮುಗಿಸಿದ್ದಳು. ಒಂದು ಎಳೆಯೂ ಇಲ್ಲ. ಮಂಡಿಯೂರಿ ಭೂತಗನ್ನಡಿ ಹಿಡಿದೆ. ಕಲ್ಲಿನ ಸಣ್ಣ ಕುಳಿಗಳಲ್ಲಿ ಬೂದಿ ಮುಟ್ಟದ ಕಡೆ ಸಣ್ಣ ರೋಮದಂಥ ಕಂದು ನವಿರು. ಉದುರಿದ ಬೀಜಕಣ ನೇರವಾಗಿ ಮಣಿಸರವಾಗುವುದಿಲ್ಲ. ಮೊದಲು ಇಂಥ ನವಿರಾಗಿ ಕಲ್ಲಿಗೆ ಕಚ್ಚಿಕೊಂಡು ಬೇಸಿಗೆ ಕಳೆಯುತ್ತದೆ. ನೀರು ತಣ್ಣಗಾದ ಮೇಲೆ ಅದರಿಂದ ಸರ ಏಳುತ್ತದೆ. ಕಂಡದ್ದು ಅದೇ ನವಿರೋ ಬೇರೆ ಪಾಚಿಯೋ, ಆಣೆ ಮಾಡಿ ಹೇಳಲಾರೆ.

"ಈ ಮೂಲಿ ಕಲ್ಲೊಂದು ತಿಕ್ಕಬ್ಯಾಡವ್ವ," ಎಂದೆ, ಮೂಲೆಯ ಆ ಕಲ್ಲನ್ನು ತೋರಿಸಿ.

"ಬಿಡ್ತೇನಿ. ನಾ ಮತ್ತ ಬಿದ್ರ ಎತ್ತಾಕ ಬಾಗಲಕೋಟ್ಯಾಗಿಂದ ನೀವ ಬರಬೇಕು!"

ಬರುತ್ತೇನೆ ಎಂದುಬಿಟ್ಟೆ. ಅದೊಂದು ಹೊಸ ಚಿಂತೆ. ರೈಲಿನಲ್ಲಿ ಕೂತು ಪಾಠದ ಮೊದಲ ಸಾಲಿನ 'ಕೆಂಪು' ಹೊಡೆದುಹಾಕಿ, ಅಲುಗಾಡುವ ಅಕ್ಷರದಲ್ಲಿ ಬರೆದೆ: 'ನೋಡಲು ಇದು ಕಪ್ಪೆಯ ತತ್ತಿಯ ಸರದಂತಿರುತ್ತದೆ ಎಂದು ಬಾದಾಮಿಯ ನೀಲವ್ವ ಹೇಳುತ್ತಾಳೆ.'