ಅಮ್ಮನ ಹೊಲಿಗೆ ಮಿಷನ್ ಮೇಲೆ ಮೀನಿನ ತೊಟ್ಟಿ

ಮೀನಿನ ಆಹಾರದ ಡಬ್ಬಿ ತೆರೆದಾಗ ಬರುವ ಒಣಮೀನಿನಂಥ ವಾಸನೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಇವತ್ತು ನಮ್ಮ ಯಜಮಾನರು ಬಾಳಗಡಿಯ ಅಂಗಡಿಯಿಂದ ಅಂಥದೇ ಡಬ್ಬಿ ತಂದಿದ್ದಾರೆ. ಗಾಜಿನ ತೊಟ್ಟಿ ನಾಳೆ ಬರುತ್ತದಂತೆ.

ನಾನು ಚಿಕ್ಕವಳಿದ್ದಾಗ ಅಪ್ಪಯ್ಯನೂ ಹೀಗೇ ಒಂದು ತೊಟ್ಟಿ ತಂದಿದ್ದರು. ಅದಕ್ಕೊಂದು ಸ್ಟ್ಯಾಂಡ್ ಬೇಕು ಎಂದು ಹೊಳೆದದ್ದು ತಂದ ಮೇಲೆ. ಮನೆಯೆಲ್ಲ ಸುತ್ತಿ ನೋಡಿ, ಕೊನೆಗೆ ಅಮ್ಮನ ಹೊಲಿಗೆ ಮಿಷನ್ನನ್ನು ಒಳಕ್ಕೆ ಮಡಚಿ, ಅದರ ಹಲಗೆಯ ಮೇಲೆ ತೊಟ್ಟಿ ಕೂರಿಸಿದರು.

"ಕಬ್ಬಿಣದ ಕಾಲು ಎಷ್ಟು ಗಟ್ಟಿ ಇದೆ ನೋಡು ಮಾರಾಯ್ತಿ! ಇದಕ್ಕೇ ಮಾಡ್ಸಿದ ಹಂಗಿದೆ."

ಹಲಗೆಯಲ್ಲಿ ಬೆಲ್ಟಿಗೆಂದು ಇದ್ದ ತೂತಿನಲ್ಲಿ ಗಾಳಿಯ ಪೈಪು ತೂರಿತು. ಅಮ್ಮ ಕಾಲಿಡುತ್ತಿದ್ದ ಪೆಡಲಿನ ಮೇಲೆ ಪಂಪು ಕೂತು ಗುಂಯ್‌ಗುಟ್ಟಿತು. ನೂಲು ಸುತ್ತಿದ ಬಾಬಿನ್ ಇಡುತ್ತಿದ್ದ ಡ್ರಾಯರಿಗೆ ಆ ನಾರುವ ಡಬ್ಬಿ ಬಂತು.

"ಹಂಗಾದ್ರೆ ನಾನು ಎಲ್ಲಿ ಹೊಲೀಲಿ?" ಎಂದಳು ಅಮ್ಮ.

"ನೆಲದ ಮೇಲೆ ಕೂತು ಕೈಯಲ್ಲೂ ಹೊಲೀಬಹುದಲ್ಲ."

ಬಂದ ನೆಂಟರೆಲ್ಲ ಮೀನಿಗೆ ಜಾಗ ಸಾಕಾಗುತ್ತದಾ ಎಂದು ಕೇಳಿದರು. ಪಕ್ಕದಲ್ಲೇ ನೆಲದ ಮೇಲೆ ಬಗ್ಗಿ ಕೂತು ಊರವರ ರವಿಕೆ ಹೊಲಿಯುತ್ತಿದ್ದ ಅಮ್ಮನ ಜಾಗದ ಬಗ್ಗೆ ಒಬ್ಬರಾದರೂ ಕೇಳಬೇಡವೇ? ಮೀನುಗಳು ಸತ್ತ ಮೇಲೂ ತೊಟ್ಟಿ ಅಲ್ಲಿಂದ ಏಳಲಿಲ್ಲ.

ಈಗ ಯಜಮಾನರು ಟೇಪು ಹಿಡಿದು, ನಾನು ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುವ ಮೇಜನ್ನು ಅಳೆಯುತ್ತಿದ್ದಾರೆ.

"ಕೆಳಗೆ ಫಿಲ್ಟರು, ಪಂಪು ಎಲ್ಲ ಹಿಡೀತದೆ ಕಣೆ."

ಟೇಪನ್ನು ಅವರ ಕೈಯಿಂದ ಕಿತ್ತುಕೊಂಡು ಟಿ.ವಿ. ಎದುರಿಗಿದ್ದ ಅವರ ಆರಾಮ ಕುರ್ಚಿಯ ಜಾಗವನ್ನು ಅಳೆದೆ.

"ಇಲ್ಲಿ ಇನ್ನೂ ಚೆನ್ನಾಗಿ ಹಿಡೀತದೆ ರೀ. ನೀವು ನೆಲದ ಮೇಲೂ ಕೂರಬಹುದಲ್ಲ."