ಕರೆಂಟ್ ಹೋದರೆ ಕಣ್ಣು ಮುಚ್ಚುವ ಮೇಷ್ಟ್ರು

ಎಂಬತ್ತರ ದಶಕದ ಕೊನೆ. ಕೋಣಂದೂರಿನ ಹತ್ತಿರ ನಾನು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿಗೆ ಕಂಪ್ಯೂಟರ್ ಮೇಷ್ಟ್ರು ಬಂದರು, ಕಂಪ್ಯೂಟರ್ ಬರಲಿಲ್ಲ. ಪಾಠ ನಡೆಯದಿದ್ದರೆ ಹುದ್ದೆಯೇ ರದ್ದಾಗುತ್ತಿತ್ತು. ಅವರು ಬೆಂಚಿನ ಮೇಲೆ ಚಾಕ್‌ಪೀಸಿನಲ್ಲಿ ಟೈಪ್‌ರೈಟರಿನ ಕೀಲಿಗಳಂತೆ ಅಕ್ಷರ, ಅಂಕಿಗಳನ್ನು ಬರೆದು, ಎದುರಿಗೆ ತಾವೇ ಕಂಪ್ಯೂಟರಾಗಿ ಕೂತರು.

ಮಕ್ಕಳು ಅವನ್ನು ಒತ್ತಿ ಲೆಕ್ಕ ಕೇಳಿದರೆ ಉತ್ತರ ಹೇಳುವರು. ತಪ್ಪು ಒತ್ತಿದರೆ, "ತಿಳೀಲಿಲ್ಲ, ಮತ್ತೆ ಒತ್ತಿ." ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಕರೆಂಟ್ ಹೋದ ಕೂಡಲೇ ಕಣ್ಣು ಮುಚ್ಚಿ ತಲೆ ಬಾಗಿಸಿಬಿಡುವರು. ಮಳೆಗಾಲದಲ್ಲಿ ಎಷ್ಟೋ ಪಿರಿಯಡ್ಡುಗಳು ಹಾಗೇ ಕಳೆದವು. ಮಕ್ಕಳೂ ಪಿಸುಗುಡುತ್ತಿರಲಿಲ್ಲ.

ಅವರು ಬೇರೆ ಊರಿಗೆ ಹೊರಟಾಗ ಆ ಜಾಗಕ್ಕೆ ಸಂದರ್ಶನ ನಡೆಯಿತು. ಅಕ್ಕಿ ಗಿರಣಿಯ ಯಜಮಾನರೇ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಬಂದ ಹುಡುಗನಿಗೆ ಕೆಲಸ ವಿವರಿಸಿದರು: "ಅಲುಗಾಡ್ದೆ ಕೂತ್ಕಬೇಕು. ಒತ್ತಿದ್ದಕ್ಕೆ ಉತ್ತರ ಹೇಳ್ಬೇಕು. ಉಳಿದದ್ದು ನಮ್ಮ ಮೇಷ್ಟ್ರು ತೋರಿಸ್ತಾರೆ."

"ಅದು ಕಂಪ್ಯೂಟರ್ ಮಾಡೋ ಕೆಲ್ಸ ಅಲ್ವಾ ಸಾರ್?"

"ಅದು ಬರೋ ತನಕ ನೀವೇ ಮಾಡ್ಬೇಕು."

ಅಷ್ಟರಲ್ಲಿ ಮೇಲಿನ ಫ್ಯಾನು ನಿಂತಿತು. ಹುಡುಗ ಅಧ್ಯಕ್ಷರನ್ನು ಬಿಟ್ಟು ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಸಾರ್, ನಿಜ ಹೇಳಿ. ಕಂಪ್ಯೂಟರ್ ಯಾವಾಗ ಬರುತ್ತೆ?"

ಮೇಷ್ಟ್ರು ಆಗಲೇ ಕಣ್ಣು ಮುಚ್ಚಿ ತಲೆ ಬಾಗಿಸಿದ್ದರು.

"ಈಗ ಕೇಳಿದ್ರೆ ಹೇಳಲ್ಲ," ಎಂದರು ಅಧ್ಯಕ್ಷರು, ದನಿ ತಗ್ಗಿಸಿ. "ಕರೆಂಟ್ ಬರ್ಲಿ."