ಡೇರಿಯ ಕಂಪ್ಯೂಟರಿಗೆ ಯಾವ ಭಾಷೆ?

ಗಡಿಭಾಗದ ಅಂಕಲಿ ಕಡೆಯ ಒಂದು ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಕೆಟ್ಟಿತ್ತು. ಅದಿಲ್ಲದೆ ಹಾಲು ಅಳೆಯುವ ಹಾಗಿರಲಿಲ್ಲ. ಜನ ಕ್ಯಾನ್ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಹೊಸ ಸಿಸ್ಟಮ್ ಹಾಕಲು ನಾನು ಹೋಗಿದ್ದೆ. ಮೊದಲ ಪರದೆಯಲ್ಲೇ ಭಾಷೆಗಳ ಪಟ್ಟಿ ಬಂತು. ಸುಮ್ಮನೆ ಒಂದನ್ನು ಒತ್ತುವುದು ಬಿಟ್ಟು, ಯಾವುದು ಬೇಕೆಂದು ಕೇಳಿಬಿಟ್ಟೆ.

"ಕನ್ನಡಾನ ಹಾಕ್ರಿ," ಎಂದರು ಚೇರ್ಮನ್.

"ಮರಾಠಿ ಯಾಕ ಬ್ಯಾಡ?" ಎಂದು ಸೆಕ್ರೆಟರಿ ಎದ್ದೇ ನಿಂತರು.

ಜಗಳ ಹತ್ತಿಕೊಂಡಿತು. ಮಜಾ ನೋಡಿ, ಕನ್ನಡ ಬೇಕೆಂದ ಚೇರ್ಮನ್ ಬೈದದ್ದೆಲ್ಲ ಮರಾಠಿಯಲ್ಲಿ. ಮರಾಠಿ ಬೇಕೆಂದ ಸೆಕ್ರೆಟರಿ ತಿರುಗಿ ಬೈದದ್ದು ಅಚ್ಚ ಕನ್ನಡದಲ್ಲಿ. ಬೈಗುಳ ಎದುರಿನವನಿಗೆ ಸರಿಯಾಗಿ ನಾಟಬೇಕಲ್ಲ!

"ಎಪ್ಪಾ, ಹಾಲು ಕೆಡಾಕತ್ತೈತಿ, ಯಾವದರ ಒಂದು ಹಾಕ್ರಿ!" ಎಂದು ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕಿಟಕಿಯಿಂದ ಕೂಗಿದಳು. ಯಾರೂ ಅತ್ತ ತಿರುಗಲಿಲ್ಲ.

ಕಡೆಗೆ ರಾಜಿಯಾದದ್ದು ಇಂಗ್ಲಿಷಿಗೆ. ಇಬ್ಬರಿಗೂ ಅದು ಓದಲು ಬರುವುದಿಲ್ಲ, ಹಾಗಾಗಿ ಇಬ್ಬರ ಮಾನವೂ ಉಳಿಯಿತು.

ಅಷ್ಟರಲ್ಲಿ ಅಜ್ಜಿಯ ಹಾಲು ಕೆಟ್ಟಿತ್ತು. "ಕೆಟ್ಟ ಹಾಲು ತಗೊಳಾಕ ಬರೂದಿಲ್ಲಬೇ," ಎಂದರು ಇಬ್ಬರೂ ಒಂದೇ ದನಿಯಲ್ಲಿ. ಅದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬ ತಕರಾರು ಮಾತ್ರ ಬರಲೇ ಇಲ್ಲ.